ಎರಡರಿಂದ ಎಣಿಸುವ ಮನೆ

ನಮ್ಮ ಮನೆಯಲ್ಲಿ ಎಣಿಕೆ ಎರಡರಿಂದ ಶುರುವಾಗುತ್ತಿತ್ತು. ಜೈನ ಶಾಸ್ತ್ರದ ಲೆಕ್ಕವೇ ಹಾಗೆ ಎನ್ನುತ್ತಿದ್ದರು ಸೋದರಮಾವ. ಅಂಗಳದಲ್ಲಿ ಒಂದೇ ಕೊಡ ಇದ್ದರೆ ಕೊಡ ಇದೆ ಎನ್ನುತ್ತೇವೆ, ಯಾರೂ ಎಣಿಸಲು ಕೂರುವುದಿಲ್ಲ. ಇನ್ನೊಂದು ಬಂದಾಗಲೇ ಎಣಿಕೆ ಹುಟ್ಟುವುದು. ಹಾಗಾಗಿ ಒಂದು ಸಂಖ್ಯೆಯೇ ಅಲ್ಲ. ತಾಯಿಯ ಕಡೆಯಿಂದ ವಂಶ ನಡೆಯುವ ಅಳಿಯಸಂತಾನದ ಮನೆ, ಮಾವನೇ ಯಜಮಾನರು. ನನ್ನನ್ನು ನೋಡಲು ಬಂದ ಗಂಡುಗಳಿಗೆ ಜಾತಕಕ್ಕೂ ಮೊದಲು ಈ ಲೆಕ್ಕದಲ್ಲಿ ಪರೀಕ್ಷೆ ನಡೆಯುತ್ತಿತ್ತು. ಬ್ಯಾಂಕಿನವನೊಬ್ಬ ಚಾ ಮುಗಿಸುವ ಮೊದಲೇ ಚಪ್ಪಲಿ ಹುಡುಕಿದ. ಇನ್ನೊಬ್ಬ ಬಸ್ಸಿಗೆ ಹೊತ್ತಾಯಿತೆಂದು ಓಡಿದ. ಆ ಹೊತ್ತಿಗೆ ನಮ್ಮ ಪುತ್ತೂರಿನಿಂದ ಅವನ ಊರಿಗೆ ಬಸ್ಸೇ ಇರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಆಲೆಟ್ಟಿಯ ಮದುವೆ ದಲ್ಲಾಳಿ ಈ ಸಲ ಕಡಬದ ಕಡೆಯ ಒಬ್ಬ ಗಣಿತದ ಲೆಕ್ಚರರನ್ನೂ ಅವರ ತಾಯಿಯನ್ನೂ ಕರೆತಂದ. ಒಳಗೆ ಬರುವಾಗ ಲೆಕ್ಚರರು ಬಾಗಿಲ ದಾರಂದಕ್ಕೆ ತಲೆ ಹೊಡೆದುಕೊಂಡು, ದಾರಂದಕ್ಕೇ ಸಾರಿ ಹೇಳಿದರು. ಅಡುಗೆಮನೆಯ ಕಿಂಡಿಯಿಂದ ನೋಡುತ್ತಿದ್ದ ನನಗೆ ಅಲ್ಲೇ ಮನಸ್ಸಾಯಿತು. ಈ ಸಂಬಂಧ ತಪ್ಪಿದರೆ ಮಾವನೊಡನೆ ಮಾತು ಬಿಡುವುದೆಂದೂ ತೀರ್ಮಾನಿಸಿದೆ.

ಎಣಿಕೆ ಎಲ್ಲಿಂದ ಶುರು ಎಂದು ಮಾವ ಕೇಳಿದರು. ಒಂದರಿಂದ ಎಂದರು ಇವರು. ಮಾವ ಮಜ್ಜಿಗೆಯ ಲೋಟ ಕೆಳಗಿಟ್ಟರು. ಸರಿಪಡಿಸಲು ಹೋದ ಪುಣ್ಯಾತ್ಮ, ಸೊನ್ನೆಯಿಂದ ಶುರುಮಾಡುವವರೂ ಇದ್ದಾರೆ ಎಂದುಬಿಟ್ಟರು.

ಮಾವ ಸಾಸಿವೆ ತರಿಸಿದರು. ಎಣಿಸಬಹುದಾದ ಸಂಖ್ಯೆಗಳ ಕೊನೆ ಎಲ್ಲಿ ಎಂದು ತಿಳಿಯಲು ಶಾಸ್ತ್ರದಲ್ಲಿ ಒಂದು ದಾರಿ ಇದೆ. ಜಂಬೂದ್ವೀಪದಷ್ಟು ಅಗಲದ ಗುಂಡಿಗೆ ಸಾಸಿವೆ ತುಂಬಿ, ಮುಂದಿನ ಒಂದೊಂದು ಸಮುದ್ರಕ್ಕೆ, ಒಂದೊಂದು ದ್ವೀಪಕ್ಕೆ ಒಂದೊಂದು ಕಾಳು ಹಾಕುತ್ತಾ ಹೋಗಬೇಕು. ಕಾಳು ಮುಗಿದಲ್ಲಿ, ಅಲ್ಲಿಯವರೆಗಿನಷ್ಟು ಅಗಲದ ಇನ್ನೊಂದು ಗುಂಡಿ ತೋಡಿ ಮತ್ತೆ ತುಂಬಬೇಕು. ನಮ್ಮ ಜಗಲಿಯಲ್ಲಿ ಲೋಟಗಳು ದ್ವೀಪಗಳಾದವು, ಬಟ್ಟಲುಗಳು ಸಮುದ್ರಗಳಾದವು. ಲೆಕ್ಚರರು ಪ್ಯಾಂಟು ಮಡಚಿ, ಮಂಡಿಯೂರಿ, ಕಾಳು ಹಾಕತೊಡಗಿದರು. ಹಾಕುತ್ತಲೇ ಒಂದೂ ಸಂಖ್ಯೆಯೇ ಎಂದು ವಾದಿಸಿದರು. ಪಾತ್ರೆ ಸಾಲದೆ ಮಾವ ಗಂಡಿನ ತಾಯಿಯ ಕೈಯಿಂದಲೂ ಲೋಟ ಇಸಕೊಂಡರು.

ಹೊತ್ತು ಮುಳುಗಿದ ಮೇಲೆ ನಾವು ಉಣ್ಣುವುದಿಲ್ಲ. ಅವರೂ ಜೈನರೇ. ಬಡಿಸಿದ ಎಲೆಯ ಮುಂದೆ ಆ ತಾಯಿ ಮಗನಿಗಾಗಿ ಕಾದು, ಸೂರ್ಯ ಗುಡ್ಡದ ಹಿಂದೆ ಇಳಿದದ್ದನ್ನು ನೋಡಿ, ಕಡುಬಿಗೆ ಕೈಮುಗಿದಂತೆ ಎದ್ದರು. ದಲ್ಲಾಳಿ ನಮ್ಮವನಲ್ಲ, ಅವನಿಗೆ ಸೂರ್ಯನ ಹಂಗಿಲ್ಲ. ಒಬ್ಬನೇ ಕೂತು ಎಲ್ಲರ ಪಾಲಿನದ್ದನ್ನೂ ಉಂಡ. ನನ್ನನ್ನು ಹೊರಗೆ ಕರೆಯಬೇಕೆಂದು ಮಾತ್ರ ಯಾರಿಗೂ ನೆನಪಾಗಲಿಲ್ಲ. ಹಸಿವಿನ ಜೊತೆಗೆ ಸಿಟ್ಟೂ ಬಂದು, ನಾನೇ ದೀಪ ಹಿಡಿದು ಜಗಲಿಗೆ ಬಂದೆ.

ಅಷ್ಟರಲ್ಲಿ ಮಾವ ಸೊಂಟ ನೆಟ್ಟಗೆ ಮಾಡಿಕೊಂಡು ಅಮ್ಮನಿಗೆ ಹೇಳಿದರು: "ಇವರು ಹೇಳುದು ಪೂರಾ ತಪ್ಪು. ಆದ್ರೆ ಎದ್ದು ಹೋಗುವ ಜನ ಅಲ್ಲ. ಹುಡುಗಿಯನ್ನು ಕೊಡುವ."

ಅಮ್ಮ ಕಣ್ಣೊರೆಸಿಕೊಂಡರು. ಲೆಕ್ಚರರು ಮಾತ್ರ ಮುಷ್ಟಿಯಲ್ಲಿ ಸಾಸಿವೆ ಹಿಡಿದುಕೊಂಡೇ ನನ್ನ ಕಡೆ ನೋಡಿದರು.

"ಇವರನ್ನು ಕೇಳಿದ್ರಾ?"

ಮಾವ ಕಕ್ಕಾಬಿಕ್ಕಿಯಾದರು. ದ್ವೀಪಗಳ ಒಪ್ಪಿಗೆ ಕೇಳಿ ಕಾಳು ಹಾಕಬೇಕೆಂದು ಶಾಸ್ತ್ರದಲ್ಲಿ ಎಲ್ಲೂ ಇರಲಿಲ್ಲ. ಅಷ್ಟು ಗಂಡುಗಳು ಬಂದು ಹೋಗಿದ್ದರೂ ಆ ಮಾತು ಅದುವರೆಗೆ ಯಾರ ಬಾಯಲ್ಲೂ ಬಂದಿರಲಿಲ್ಲ. ನನಗೆ ಅಳು ಬಂತು. ಆದರೆ ಬಾಯಿಂದ ಬಂದದ್ದು ಬೇರೆ.

"ನನಗೆ ಒಪ್ಪಿಗೆ ಉಂಟು," ಎಂದೆ. "ಆ ಸಾಸಿವೆ ಎಲ್ಲ ಹೆಕ್ಕಿ ಕೊಡಿ. ನಾಳೆ ಒಗ್ಗರಣೆಗೆ ಬೇರೆ ಇಲ್ಲ."

ಮಾವ ಮತ್ತು ಅವರು ಇಬ್ಬರೂ ಬಗ್ಗಿ ಹೆಕ್ಕತೊಡಗಿದರು.