ಜೀನ್ಸ್ ತುಂಡಿನ ದಿಂಬು

ಅಟ್ಟ ಗುಡಿಸುವಾಗ ಜೀನ್ಸ್ ತುಂಡುಗಳ ಹಳೆಯ ದಿಂಬು ಸಿಕ್ಕಿತು. ಮೂಸಿದರೆ ಹೊಸ ಬಟ್ಟೆಯ ಆ ಖಾರ ವಾಸನೆ ಇನ್ನೂ ಇದೆ!

ರಾಯದುರ್ಗದಲ್ಲಿ ಅಪ್ಪ ಜೀನ್ಸ್ ಹೊಲಿಯುತ್ತಿದ್ದ. ಭಾನುವಾರ ಸಂಜೆ ಸೈಕಲ್ಲಿನ ಬಾರಿನ ಮೇಲೆ ನನ್ನನ್ನು ಕೂರಿಸಿಕೊಂಡು ಪಾರ್ಕಿಗೆ ಹೊರಡುತ್ತಿದ್ದ. ಅಮ್ಮ ಮಾತ್ರ ಪಾರ್ಕಿನ ಗೇಟಿನವರೆಗೂ ನಡೆದೇ ಬರುತ್ತಿದ್ದಳು. ಸೊಸೆಯಾದವಳು ಗಂಡನ ಸೈಕಲ್ ಹತ್ತಿದ್ದು ಅತ್ತೆ ಮಾವನ ಕಣ್ಣಿಗೆ ಬೀಳಬಾರದಲ್ಲ! ಒಳಗೆ ಹೋದಮೇಲೆ ಕ್ಯಾರಿಯರ್ ಹತ್ತಿ, ಅಪ್ಪನ ಅಂಗಿ ಹಿಡಿದು, ಬೇವಿನ ಮರಗಳ ಸುತ್ತ ನಗುತ್ತಲೇ ಸುತ್ತುತ್ತಿದ್ದಳು. ಅಪ್ಪನ ಕೊರಳಲ್ಲಿ ಆಗಲೂ ಅಳತೆಯ ಟೇಪು.

ಒಂದು ಸಂಜೆ ತಿರುವಿನ ಕಲ್ಲುಬೆಂಚಿನ ಮೇಲೆ ಅಪ್ಪನ ತಾಯಿ, ನನ್ನ ಅಜ್ಜಿ, ಕೂತಿದ್ದಳು. ಅಮ್ಮ ಗಾಬರಿಯಿಂದ ಇಳಿದು ಸೆರಗು ಹೊದ್ದಳು.

“ಯಾಕ ಇಳದಿ? ಹತ್ತವ್ವ,” ಎಂದಳು ಅಜ್ಜಿ. “ನಿಮ್ಮ ಮಾವ ನನ್ನ ಒಂದ್ಸಲಾನೂ ಕುಂದ್ರಿಸ್ಕೊಂಡವರಲ್ಲ.”

ಮುಂದಿನ ಭಾನುವಾರ ಅಪ್ಪ ಈ ದಿಂಬು ಹೊಲಿದು ಕ್ಯಾರಿಯರ್‌ಗೆ ಕಟ್ಟಿದ. “ಬಾರವ್ವ, ಕುಂದ್ರು,” ಎಂದು ಅಜ್ಜಿಯನ್ನು ಕರೆದ. ಅಜ್ಜಿ ಮನೆಯ ಬಾಗಿಲ ಕಡೆ ನೋಡಿ ಪಿಸುಗುಟ್ಟಿದಳು: “ಇಲ್ಲಿ ಬ್ಯಾಡಪ್ಪ, ಒಳಗ ನಿಮ್ಮಪ್ಪ ಅದಾರ. ಪಾರ್ಕಿನ ಗೇಟಿನ ತನಕ ನಡೀತೀನಿ.”

ಇವತ್ತು ಆ ದಿಂಬನ್ನು ನನ್ನ ಸೈಕಲ್ಲಿಗೆ ಕಟ್ಟಿದ್ದೇನೆ. ಅಮ್ಮ ಮನೆಯ ಬಾಗಿಲಲ್ಲೇ ಹತ್ತಿ ಕೂತು, “ಬೆಲ್ ಹೊಡಿ, ಓಣಿ ಮಂದಿ ನೋಡಲಿ,” ಎಂದಳು.