ಬಚ್ಚಲ ದಾರಿಯ ಹೀರೆಬಳ್ಳಿ

“ಕೈ ಕೊಡವಾ, ಇಲ್ಲಿ ಮಣ್ಣು ಹಸಿ ಅದ,” ಎಂದ ಅತ್ತೆ ನನ್ನ ಬೆರಳು ಹಿಡಿದು ಹೀರೆಬೀಜ ಊರಿಸಿದರು. ಎಂಬತ್ತರ ದಶಕದ ಆರಂಭ. ಇಳಕಲ್ಲಿಗೆಲ್ಲ ಕಣ್ಣುಬೇನೆ ಹಬ್ಬಿ, ಮನೆಯ ಮಗ್ಗವೂ ನಿಂತಿತ್ತು. ನಮ್ಮಿಬ್ಬರ ಕಣ್ಣೂ ಊದಿ ಮುಚ್ಚಿಕೊಂಡಿದ್ದವು. ಅತ್ತೆಗೆ ಮಾತ್ರ ಸುಮ್ಮನೆ ಕೂರಲಾಗದು. ಹೊಸ ಸೊಸೆಯಾದ ನನ್ನ ಕೈಯನ್ನು ಅವರು ಹಿಡಿದದ್ದು ಅದೇ ಮೊದಲು.

ಯುಗಾದಿ ಹೊತ್ತಿಗೆ ಕಣ್ಣು ತಿಳಿಯಾದವು. ನೋಡಿದರೆ, ಸಸಿಗಳು ಎದ್ದದ್ದು ಬಚ್ಚಲಿಗೆ ಹೋಗುವ ದಾರಿಯ ನಡುವೆ. ಕೀಳಲು ಬಗ್ಗಿದ ನನ್ನ ಗಂಡನನ್ನು ಅತ್ತೆ ತಡೆದರು. “ನಾವಿಬ್ರೂ ಕೂಡಿ ಹಚ್ಚೇವಿ. ನೀ ಸುತ್ತು ಹಾಕ್ಕೊಂಡು ಹೋಗು.” ಮಗ್ಗದ ಹಳೆಯ ಹಗ್ಗದಿಂದ ನಾವಿಬ್ಬರೇ ಚಪ್ಪರ ಕಟ್ಟಿದೆವು.

ಆ ಬೇಸಿಗೆಯೆಲ್ಲ ಮನೆಮಂದಿ ಗೊಣಗುತ್ತ ಬಚ್ಚಲಿಗೆ ಸುತ್ತಿ ಹೋದರು. ಮದುವೆಯಾಗಿ ಬಂದಾಗಿನಿಂದ ಬಾದಾಮಿಯ ತವರಿಗೆ ಹೋಗುತ್ತೇನೆಂದು ನಾನು ಹಿಡಿಯುತ್ತಿದ್ದ ಹಟ ಅಲ್ಲಿಗೆ ನಿಂತಿತು.