ಗಾಳಿಚೀಲದ ದೊಡ್ಡಮ್ಮ

ನನ್ನ ಬಲಗೈ ಹೆಬ್ಬೆರಳಿನ ಉಗುರು ಸದಾ ನೀಲಿ. ತೆಲುಗು ಸೀಮೆಯ ಗಡಿಯೂರು ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವರ ಬೆರಳೆಲ್ಲ ಹಾಗೆಯೇ. ನಮ್ಮ ಪಕ್ಕದ ಮನೆಯ ದೊಡ್ಡಮ್ಮನದು ಮಾತ್ರ ವರ್ಷಕ್ಕೊಮ್ಮೆ, ಆಷಾಢದ ಗಾಳಿಗೆ ಮುಂಚೆ, ಕೇಸರಿಯಾಗುತ್ತಿತ್ತು. ಗಾಳಿಚೀಲಕ್ಕೆ ಬಟ್ಟೆ ಬಣ್ಣದಲ್ಲಿ ಅದ್ದಿದ್ದಾಳೆ ಎಂದು ಓಣಿಗೆಲ್ಲ ತಿಳಿಯುತ್ತಿತ್ತು.

ಬಳ್ಳಾರಿ ರಸ್ತೆಯ ಬದಿಯ ಬಯಲಲ್ಲಿ ಹಿಂದೆ ಚಿಕ್ಕ ವಿಮಾನಗಳು ಇಳಿಯುತ್ತಿದ್ದವು. ದೊಡ್ಡಪ್ಪ ಅಲ್ಲಿಯ ಕಾವಲುಗಾರ. ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ಪೈಲಟ್‌ಗೆ ತೋರಿಸಲು ಕಂಬಕ್ಕೆ ಕಟ್ಟಿದ ಬಟ್ಟೆಯ ಗಾಳಿಚೀಲ ಹರಿದಾಗೆಲ್ಲ ಹೊಸದು ಹೊಲಿದುಕೊಡುತ್ತಿದ್ದವಳು ದೊಡ್ಡಮ್ಮ. ವಿಮಾನಗಳು ನಿಂತವು, ಕೆಲಸ ಹೋಯಿತು, ದೊಡ್ಡಪ್ಪನೂ ಹೋದರು. ರನ್‌ವೇ ಮೇಲೆ ಜನ ಶೇಂಗಾ ಒಣಗಿಸತೊಡಗಿದರು. ದೊಡ್ಡಮ್ಮ ಚೀಲ ಹೊಲಿಯುವುದನ್ನು ಬಿಡಲಿಲ್ಲ.

ಒಂದು ವರ್ಷ, ಗಟ್ಟಿಯಾಗಿರಲಿ ಎಂದು ಜೀನ್ಸ್ ತುಂಡುಗಳಲ್ಲೇ ಹೊಲಿದಳು. ಡಬಲ್ ಹೊಲಿಗೆ, ಬಲು ಚೆಂದ. ಕಂಬಕ್ಕೇರಿಸಿದರೆ ಅದು ಅಲ್ಲಾಡಲೇ ಇಲ್ಲ. ಕುರಿ ಮೇಯಿಸುತ್ತಿದ್ದವರು, ಯಾರ ಪ್ಯಾಂಟು ಒಣಗಲು ಹಾಕಿದ್ದೀರಿ ಎಂದು ಕೇಳಿದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. ಮನೆಗೆ ಬಂದು ತೆಳು ಬಟ್ಟೆ ಬಣ್ಣಕ್ಕೆ ಹಾಕಿದಳು.

ಚುನಾವಣೆ ಬಂದಾಗಲೆಲ್ಲ ವಿಮಾನ ಮತ್ತೆ ಬರುತ್ತದೆ ಎಂಬ ಸುದ್ದಿ. ಟಿಕೆಟ್ ತೆಗೆಸಿದೆಯಾ ಎಂದು ಜನ ಅವಳನ್ನು ಛೇಡಿಸಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವಳು ಮಷೀನು ತುಳಿಯುತ್ತಲೇ ಇರುತ್ತಿದ್ದಳು.

ಒಮ್ಮೆ ಓಣಿಯವರೇ ಆ ಕಂಬ ಕಿತ್ತು ತಂದು ಬೀದಿದೀಪ ಹಾಕಲು ಹೊರಟರು. ಅವರದೂ ತಪ್ಪೆನ್ನಲಾಗದು, ಓಣಿ ಕತ್ತಲಾಗಿತ್ತು. ದೊಡ್ಡಮ್ಮ ಜಗಳಕ್ಕೆ ಹೋಗಲಿಲ್ಲ. ಎಲ್ಲರನ್ನೂ ಕೂರಿಸಿ ಚಹಾ ಕೊಟ್ಟಳು.

“ಲೈಟಿಗೆ ಬ್ಯಾರೆ ಕಂಬ ಕೇಳೂಣ್ರಿ, ನಾನೂ ಬರ್ತೀನಿ. ಆ ಕಂಬ ಇರೋತನಕ ಅದು ವಿಮಾನ ಇಳಿಯೋ ಜಾಗ. ಕಿತ್ತರ ಬರೀ ಬಯಲು. ಆಮ್ಯಾಲೆ ಅದನ್ನ ಯಾರ್ ಕೇಳ್ತಾರ?”

ಅವಳೇ ಮುಂದಾಗಿ ಮುನ್ಸಿಪಾಲಿಟಿಗೆ ಅಲೆದಳು. ಓಣಿಗೆ ದೀಪ ಬಂತು, ಬಯಲಿನ ಕಂಬ ಉಳಿಯಿತು. ಅಂಥವಳ ಪಕ್ಕದ ಮನೆಯವಳು ನಾನು ಎಂದು ಅವತ್ತು ಹೆಮ್ಮೆಪಟ್ಟೆ.

ಹೋದ ವರ್ಷ ವಿಮಾನದ ಜಾಗದ ಸರ್ವೇಗೆ ಸರ್ಕಾರದವರು ಬರುತ್ತಾರೆಂಬ ಸುದ್ದಿ ನಿಜವಾಗುವ ಹೊತ್ತಿಗೆ ಅವಳು ಹಾಸಿಗೆ ಹಿಡಿದಿದ್ದಳು. ತನ್ನ ಕತ್ತರಿಯನ್ನು ನನ್ನ ಕೈಗಿಟ್ಟು, “ಚೀಲದ ಬಾಯಿ ಅಗಲ ಇಡವ್ವಾ, ತುದಿ ಸಣ್ಣದು ಮಾಡು. ಬಂದೋರಿಗೆ ಗಾಳಿ ಕಾಣ್ಬೇಕು,” ಎಂದಳು. ನಾನು ಹೊಲಿದೆ. ಅದು ಹಾರುವುದನ್ನು ನೋಡಲು ಅವಳು ಉಳಿಯಲಿಲ್ಲ.

ಬಂದವರು ಅಳೆದರು, ಫೋಟೋ ತೆಗೆದರು. ಗಾಳಿ ತುಂಬಿಕೊಂಡ ಚೀಲ ನೋಡಿ, ಈ ರನ್‌ವೇ ಇನ್ನೂ ನಡೆಯುತ್ತಿದೆಯಾ ಎಂದು ತೆಲುಗಿನಲ್ಲಿ ಕೇಳಿದರು. ಹೌದೆಂದೆ. ಅವರು ಹೋದ ಮೇಲೆ ಕಂಬ ಹಿಡಿದು ನಿಂತು ಅತ್ತೆ.

ವಿಮಾನ ಬರುವ ಬಗ್ಗೆ ಆಮೇಲೆ ಏನೂ ಖಚಿತವಾಗಿಲ್ಲ. ನನಗೆ ಅನ್ನ ಕೊಡುತ್ತಿರುವ ಹೊಲಿಗೆ ಅವಳು ಕಲಿಸಿದ್ದು. ಈಗ ಮತ್ತೆ ಆಷಾಢ ಹತ್ತಿರವಾಗಿದೆ. ಬೆಳಿಗ್ಗೆಯಿಂದ ನನ್ನ ಹೆಬ್ಬೆರಳೂ ಕೇಸರಿ.